ಭಾಗಣ್ಣ ಎತ್ತಿದ ವೀಳ್ಯ

ಶಹಾಪುರದ ವಕೀಲ ಬಸವಂತರಾಯರು ಭಾಗಣ್ಣನನ್ನು ಸಭೆಗೆ ಕರೆಸಿದ್ದು ಚಪ್ಪಾಳೆ ತಟ್ಟಲಿಕ್ಕೆ. ಬೇರೆ ಯಾವ ಉದ್ದೇಶವೂ ಅವರಿಗಿರಲಿಲ್ಲ. ಬಂದವನು ಜಮಖಾನೆಯ ಮೇಲೆ ಕೂತು, ವಕೀಲರ ಹೆಸರು ಬಂದಾಗ ತಲೆಯಾಡಿಸಿ, ಉಂಡು ಎದ್ದು ಹೋಗಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ವಕೀಲರ ಹೊಟ್ಟೆಯುರಿಯೂ ಇರುತ್ತಿರಲಿಲ್ಲ. ಆದರೆ ಭಾಗಣ್ಣ ಸುಮ್ಮನೆ ಕೂತು ಎದ್ದು ಹೋಗುವ ಆಸಾಮಿಯಲ್ಲ.

ಯಾದಗಿರಿಗೂ ದೋರನಹಳ್ಳಿಗೂ ನಡುವೆ, ಭೀಮಾನದಿಯ ದಂಡೆಗೆ ಅಂಟಿಕೊಂಡ ಅಂಬಿಗರ ಓಣಿ ಅವನದು. ಹರಗೋಲು ನಡೆಸುತ್ತಿದ್ದ, ಬಲೆ ಬೀಸುತ್ತಿದ್ದ, ನೀರು ಇಳಿದ ಕಾಲಕ್ಕೆ ದಂಡೆಯ ಮಣ್ಣಿನಲ್ಲಿ ಸೌತೆ, ಬದನೆ ಹಾಕುತ್ತಿದ್ದ. ಇದೆಲ್ಲ ಹೊಟ್ಟೆಗೆ. ಮಾನಕ್ಕೆ ಅವನು ಕಟ್ಟಿಮನಿ, ಎಂದರೆ ಆ ಸುತ್ತಿನ ಹೊಳೆದಂಡೆಯ ಊರುಗಳಲ್ಲಿ ಅವನ ಕುಲದ ನ್ಯಾಯ ಹೇಳುವವನು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದ ಹಿರಿತನ ಅದು. ಅವನ ದನಿ ಈ ದಂಡೆಯಿಂದ ಆ ದಂಡೆಗೆ ತಲುಪುವಂಥದ್ದು. ಮನೆಯೊಳಗೆ ಉಪ್ಪು ಕೇಳಿದರೂ ಓಣಿಗೆಲ್ಲ ಗೊತ್ತಾಗುತ್ತಿತ್ತು. ಹೆಂಡತಿ ಸುಗಲಮ್ಮ ಅದಕ್ಕೇ ಅವನು ಕೇಳುವ ಮೊದಲೇ ಉಪ್ಪು ಬಡಿಸಿಬಿಡುತ್ತಿದ್ದಳು.

ಅವನ ನ್ಯಾಯಗಳೂ ಅವನ ಹಾಗೆಯೇ. ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಒಂದು ಬಲೆಗಾಗಿ ಹೊಡೆದಾಡಿಕೊಂಡು ಬಂದರು. ಭಾಗಣ್ಣ ಬಲೆಯನ್ನು ತನ್ನ ಮನೆಯ ಜಂತಿಗೆ ಕಟ್ಟಿಸಿ, "ಇಬ್ಬರೂ ಒಂದೇ ತಾಟಿನ್ಯಾಗ ಉಂಡು ಬರ್ರಿ, ಆಮ್ಯಾಲ ಕೊಡ್ತೀನಿ" ಎಂದ. ಅವರು ಮುಖ ತಿರುವಿಕೊಂಡು ಹೋದವರು ಬಲೆಯನ್ನು ಇಲಿ ಕಡಿಯುವ ಹೊತ್ತಿಗೆ ಒಂದಾಗಿ ಬಂದರು, ಕಟ್ಟಿಮನಿಯನ್ನೂ ಅವನ ಇಲಿಗಳನ್ನೂ ಒಟ್ಟಿಗೆ ಬೈಯುತ್ತ. ನ್ಯಾಯ ಆಯಿತೋ ಇಲ್ಲವೋ, ಅಣ್ಣತಮ್ಮಂದಿರಂತೂ ಮತ್ತೆ ಕೂಡಿದರು.

ಇನ್ನು ವೀಳ್ಯದ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಕುಲದ ಹಿರಿಯರು ಕೂಡುವ ಸಭೆಗೆ ಆ ಕಡೆ ದೈವ ಎನ್ನುತ್ತಾರೆ. ದೈವದ ಮುಂದೆ ಯಾರಿಗೂ ಬೇಡವಾದ ಕೆಲಸವೊಂದು ಬಂದಾಗ, ಮಡುವಿಗೆ ಬಂದು ಸೇರಿದ ಮೊಸಳೆಯನ್ನು ಎಬ್ಬಿಸುವುದೋ, ಮುನಿಸಿಕೊಂಡ ಬೀಗರ ಊರಿಗೆ ಮೊದಲು ಹೋಗಿ ಮಾತಾಡುವುದೋ, ಅಂಥದ್ದು ಬಂದಾಗ ನಡುವೆ ಒಂದು ತಾಟಿನಲ್ಲಿ ಎಲೆ ಅಡಿಕೆ ಇಡುತ್ತಾರೆ. ಹಿರಿಯನೊಬ್ಬ ಕೆಲಸ ಇಂಥದ್ದು ಎಂದು ಹೇಳಿ, ಯಾರು ಹೊರುತ್ತೀರಿ ಎಂದು ಮೂರು ಸಲ ಕೇಳುತ್ತಾನೆ. ಒಪ್ಪಿದವನು ಎದ್ದು ಬಂದು ವೀಳ್ಯ ಎತ್ತಿ, ಎಲ್ಲರೆದುರು ಬಾಯಿ ಕೆಂಪಾಗುವ ತನಕ ಅಗಿಯಬೇಕು. ಬಾಯಿ ಕೆಂಪಾಯಿತೋ, ಮುಗಿಯಿತು. ಆಮೇಲೆ ಅವನಿಗೆ ಅಡ್ಡ ಬರುವವರಿಲ್ಲ, ಅವನು ಹಿಂದೆ ಸರಿಯುವಂತೆಯೂ ಇಲ್ಲ. ಸರಿದರೆ ಅವನ ಮನೆಯ ಎಲೆ ಅಡಿಕೆಯನ್ನು ಕುಲದವರು ಮುಟ್ಟುವುದಿಲ್ಲ, ಆ ಮನೆಯಿಂದ ಹೆಣ್ಣು ತರುವುದಿಲ್ಲ, ಆ ಮನೆಗೆ ಕೊಡುವುದೂ ಇಲ್ಲ. ಮೂರು ಸಲ ಕೇಳಿದರೂ ಯಾರೂ ಏಳದಿದ್ದರೆ ಅದು ಇನ್ನೂ ಕೆಟ್ಟದ್ದು. ಆಗ ಮಾನ ಹೋಗುವುದು ಇಡೀ ಸಭೆಯದು, ಎಲ್ಲರಿಗಿಂತ ಮೊದಲು ಅಲ್ಲಿ ಕೂತ ಕಟ್ಟಿಮನಿಯದು.

ಭಾಗಣ್ಣ ತನ್ನ ಆಯುಷ್ಯದಲ್ಲಿ ಒಂದೇ ಸಲ ವೀಳ್ಯ ಎತ್ತಿದ್ದ. ರಜಾಕಾರರ ಗದ್ದಲದ ವರ್ಷ ಅದು. ಊರೂರುಗಳಿಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊಳೆಯ ದಂಡೆಗೆ ಬಂದು ನಿಂತಾಗ, ತುಂಬಿದ ಹೊಳೆಯಲ್ಲಿ ಅವರನ್ನು ದಾಟಿಸುವವರು ಯಾರು ಎಂದು ದೈವ ಕೇಳಿತು. ಭಾಗಣ್ಣ ಎದ್ದ. ಎಷ್ಟು ಸಂಸಾರ ದಾಟಿಸಿದ ಎಂದು ಅವನೂ ಎಣಿಸಲಿಲ್ಲ, ಬೇರೆಯವರೂ ಎಣಿಸಲಿಲ್ಲ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಶಾಂತಿ ನೆಲೆಸಿದಾಗ, ತಮ್ಮ ಹೆಂಡಿರು ಮಕ್ಕಳನ್ನು ದಾಟಿಸಿದವನು ಇವನೇ ಎಂದು ಕೊಂಕಲ್ ಕಡೆಯ ಜನ ಸುಗಲಮ್ಮನ ಕೈಹಿಡಿದು ಅತ್ತಿದ್ದುಂಟು. ಅದನ್ನು ನೆನೆದರೆ ಅವಳಿಗೆ ಹೆಮ್ಮೆಯೂ ಬರುತ್ತಿತ್ತು, ಹೆದರಿಕೆಯೂ ಬರುತ್ತಿತ್ತು. ಅದಕ್ಕೇ ಗಂಡ ಎಲ್ಲಿಗೆ ಸಭೆಗೆ ಹೊರಟರೂ ಅವಳದು ಒಂದೇ ಮಾತು. "ಹೋಗಿ ಬರ್ರಿ. ಆದ್ರ ಏನೂ ಎತ್ತಬ್ಯಾಡ್ರಿ."

ನಿಜಾಮರು ಹೋದ ಮೂರು ವರ್ಷಕ್ಕೆ, ದಸರೆ ಮುಗಿಯುತ್ತಲೇ ಓಟಿನ ಸುದ್ದಿ ಬಂತು. ದೇಶಕ್ಕೆಲ್ಲ ಒಂದೇ ಸಭೆಯಂತೆ, ಅದು ದಿಲ್ಲಿಯಲ್ಲಿ ಕೂಡುವುದಂತೆ, ನಮ್ಮ ಸೀಮೆಯಿಂದಲೂ ಒಬ್ಬ ಹೋಗಿ ಅಲ್ಲಿ ಕೂಡಬೇಕಂತೆ. ಆ ಒಬ್ಬನನ್ನು ಆರಿಸಲು ಹೈದರಾಬಾದಿನಿಂದ ಪಕ್ಷದ ಹಿರಿಯರು ಚನ್ನಯ್ಯನವರು ಶಹಾಪುರಕ್ಕೆ ಬರುವವರಿದ್ದರು. ಟಿಕೇಟು ತಮಗೇ ಎಂದು ಬಸವಂತರಾಯರು ಬಹಳ ಮುಂಚೆಯೇ ಕರಿ ಕೋಟು ಬಿಟ್ಟು ಖಾದಿ ಹೊಲಿಸಿಕೊಂಡಿದ್ದರು. ತಮ್ಮ ಬೆನ್ನಿಗೆ ಎಲ್ಲ ಕುಲದ ಹಿರಿಯರೂ ಇದ್ದಾರೆ ಎಂದು ತೋರಿಸಲು ಅಂಬಿಗರ ಭಾಗಣ್ಣ, ಕುರುಬರ ಬಾಲಪ್ಪ, ಇನ್ನೂ ಇಂಥ ಹತ್ತಾರು ಪೇಟದವರನ್ನು ಬಂಡಿ ಕಳಿಸಿ ಕರೆಸಿದರು.

ಅಷ್ಟು ಜನ ಕೂಡಬಲ್ಲ ದಿವಾನಖಾನೆ ಶಹಾಪುರದಲ್ಲಿ ಇದ್ದದ್ದು ಖುರ್ಷೀದಬೇಗಂ ಎಂಬ ಮುದುಕಿಯ ಹವೇಲಿಯಲ್ಲಿ. ಗಂಡ ನಿಜಾಮರ ಕಾಲದ ಪೇಶಕಾರ, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಗಂಡಸರ ಸದ್ದು ಇಲ್ಲದೆ ಬೇಸರವಾಗಿದೆ ಎಂದು ಬೇಗಂ ಯಾರು ಸಭೆಗೆಂದು ಕೇಳಿದರೂ ಜಾಗ ಕೊಡುತ್ತಿದ್ದಳು. ಪರದೆಯ ಹಿಂದೆ ಕೂತು ಎಲ್ಲವನ್ನೂ ಕೇಳುತ್ತ ಬೀಡಾ ಕಟ್ಟುತ್ತಿದ್ದಳು.

ಖುರ್ಚಿಯ ಮೇಲೆ ಚನ್ನಯ್ಯನವರು. ಎದುರಿನ ಖುರ್ಚಿಗಳಲ್ಲಿ ಟಿಕೇಟು ಬಯಸಿದ ಮೂವರು: ಯಾದಗಿರಿಯ ಎಣ್ಣೆ ಗಿರಣಿಯ ಸಾಹುಕಾರ, ಸುರಪುರದ ಒಬ್ಬ ನಿವೃತ್ತ ಮಾಸ್ತರು, ಮತ್ತು ಬಸವಂತರಾಯರು. ಪೇಟದವರೆಲ್ಲ ಜಮಖಾನೆಯ ಮೇಲೆ. ಚನ್ನಯ್ಯನವರು ಎದ್ದು ನಿಂತು, "ದಿಲ್ಲಿ ಕೆಲಸ ಅಂದ್ರ ಮಜಾ ಅಲ್ರಿ. ಮನಿ ಬಿಡಬೇಕು, ಧಂಧೆ ಬಿಡಬೇಕು, ಜನರ ಕಡಿಂದ ಬೈಸ್ಕೋಬೇಕು. ಈ ಭಾರ ಹೊರೋರು ಯಾರು?" ಎಂದು ಕೇಳಿದರು.

ಸಾಹುಕಾರ ಟೊಪ್ಪಿಗೆ ಸರಿಮಾಡಿಕೊಂಡು, "ನಂದೇನದ್ರಿ, ನಾ ವ್ಯಾಪಾರಿ ಮನಷ್ಯಾ. ನನಗ್ಯಾಕ ಬೇಕು ಇದೆಲ್ಲ" ಎಂದ. ಮಾಸ್ತರು ಕೆಮ್ಮಿ, ತನಗಿಂತ ಯೋಗ್ಯರು ಸಭೆಯಲ್ಲಿ ಇದ್ದಾರೆಂದರು. ಬಸವಂತರಾಯರು ಎದೆಯ ಮೇಲೆ ಕೈಯಿಟ್ಟುಕೊಂಡು, "ನಾನು ಪಕ್ಷದ ಅಂಗಳ ಕಸ ಹೊಡಿಯೋ ಆಳು. ಖುರ್ಚಿ ಆಸೆ ನನಗ ಎಳ್ಳಷ್ಟೂ ಇಲ್ಲ" ಎಂದು ಹೇಳಿ ಮಾತು ನಿಲ್ಲಿಸಿದರು. ನಿಲ್ಲಿಸಿದ್ದು ಯಾಕೆಂದರೆ ಆ ಗಳಿಗೆಗೆ ಜಮಖಾನೆಯಿಂದ ಒಬ್ಬ ಎದ್ದು, ವಕೀಲಸಾಹೇಬರೇ ಆಗಬೇಕು ಎಂದು ಕೂಗಬೇಕಾಗಿತ್ತು. ಕೂಗಲು ಗೊತ್ತುಮಾಡಿದ್ದ ಮನುಷ್ಯ ಅಂಗಳದಲ್ಲಿ ಅಡುಗೆಯ ಹಂಡೆಯ ಹತ್ತಿರ ನಿಂತಿದ್ದ.

ದೊಡ್ಡವರು ಬೇಡ ಎಂದರೆ ಬೇಕು ಎಂದು ತಿಳಿಯಬೇಕೆಂಬುದು ನಿಮಗೂ ನನಗೂ ಗೊತ್ತು. ಭಾಗಣ್ಣನಿಗೆ ಅದನ್ನು ಯಾರು ಕಲಿಸಬೇಕು? ಅವನ ಓಣಿಯಲ್ಲಿ ಬೇಡ ಎಂದವನಿಗೆ ಎರಡನೆಯ ಸಲ ಬಡಿಸುತ್ತಿರಲಿಲ್ಲ. ಮೂವರೂ ಭಾರ ಬೇಡವೆಂದದ್ದು ಕೇಳಿ ಅವನಿಗೆ ಕಸಿವಿಸಿಯಾಯಿತು.

ಅದೇ ಹೊತ್ತಿಗೆ ಬೇಗಂಳ ಮನೆಗೆಲಸದ ಆಮೀನಾ ಬೆಳ್ಳಿಯ ತಾಟಿನಲ್ಲಿ ಬೀಡಾ ತಂದು ನಡುವಿನ ಚೌಕಿಯ ಮೇಲೆ ಇಟ್ಟು ಹೋದಳು. ಚನ್ನಯ್ಯನವರು ವಕೀಲರಿಗೆ ತೋರಿಸಿ, ತಗೊಳ್ರಿ ಎಂದರು. ವಕೀಲರು ಸಾಹುಕಾರನ ಕಡೆ ಕೈಮಾಡಿ "ಪಹಲೇ ಆಪ್" ಎಂದರು. ಸಾಹುಕಾರ ಮಾಸ್ತರಿಗೆ, ಮಾಸ್ತರು ಮತ್ತೆ ಚನ್ನಯ್ಯನವರಿಗೆ. ಅದಬ್ಬಿನ, ಎಂದರೆ ಮರ್ಯಾದೆಯ ಊರು ಅದು, ಮೊದಲು ಕೈ ಚಾಚಿದವನು ಒರಟ. ಚನ್ನಯ್ಯನವರು ಖುರ್ಚಿಗೆ ಒರಗಿ, "ಹಾಂಗಾದ್ರ ಹೊರೋರು ಯಾರು?" ಎಂದು ಮತ್ತೊಮ್ಮೆ ಕೇಳಿದರು. ಯಾರೂ ಏಳದ್ದಕ್ಕೆ ಬೇಸತ್ತು, "ಇಷ್ಟು ಜನರಾಗ ಯಾರೂ ಇಲ್ಲೇನ್ರಿ?" ಎಂದರು.

ಮೂರು ಸಲ ಆಯಿತು. ಭಾಗಣ್ಣ ಅದನ್ನು ಎಣಿಸುತ್ತಿದ್ದ. ತಾಟು ನಡುವೆ ಇದೆ, ಕೇಳಿದ್ದು ಆಗಿದೆ, ಎತ್ತುವವರಿಲ್ಲ, ತಾನು ಕಟ್ಟಿಮನಿ ಎಂಬುವನು ಕಲ್ಲಿನ ಹಾಗೆ ಕೂತಿದ್ದಾನೆ. ಸುಗಲಮ್ಮನ ಮಾತು ನೆನಪಾಯಿತು, ನೆನಪಾಗಿ ಹೋಯಿತು. ಅವನು ಎದ್ದ. ಪೇಟ ಸರಿಮಾಡಿಕೊಂಡು ಜಮಖಾನೆ ದಾಟಿ ಬಂದು, ತಾಟಿಗೆ ಕೈಮುಗಿದು, ಒಂದು ಬೀಡಾ ಎತ್ತಿ ಬಾಯಿಗಿಟ್ಟ. ಎಂದೂ ತಿನ್ನದ ಸಿಹಿ ಅದು, ಒಳಗೆ ಗುಲ್ಕಂದ್ ಇತ್ತು. ದಿಲ್ಲಿಯ ವೀಳ್ಯ ಹೀಗೇ ಇರಬೇಕು ಎಂದುಕೊಂಡು ನಿಂತಲ್ಲೇ ಅಗಿದ, ಬಾಯಿ ಕೆಂಪಾದ ಮೇಲೆ ನಾಲಿಗೆಯನ್ನು ಚಾಚಿ ಮೊದಲು ಚನ್ನಯ್ಯನವರಿಗೆ, ಆಮೇಲೆ ಸುತ್ತ ತಿರುಗಿ ಇಡೀ ಸಭೆಗೆ ತೋರಿಸಿದ.

ಚನ್ನಯ್ಯನವರಿಗೆ ನಗೆ ತಡೆಯಲಾಗಲಿಲ್ಲ. "ಶಾಭಾಸ್. ಇವರೊಬ್ಬರರೆ ಧೈರ್ಯ ಮಾಡಿದ್ರು ನೋಡ್ರಿ" ಎಂದು ಭಾಗಣ್ಣನ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು, ಬಿಗುವು ಹರಿದು ಒಬ್ಬೊಬ್ಬರೇ ಬೀಡಾ ಎತ್ತಿಕೊಂಡರು. ಎತ್ತಿಯಾದ ಮೇಲೆ ಇವರೂ ಯಾಕೆ ಎತ್ತುತ್ತಾರೆ ಎಂದು ಭಾಗಣ್ಣನಿಗೆ ಸ್ವಲ್ಪ ಇರುಸುಮುರುಸಾಯಿತು. ಪೇಟೆಯ ಮಂದಿಗೆ ರೀತಿ ರಿವಾಜು ಅಷ್ಟಕ್ಕಷ್ಟೇ ಎಂದು ಕ್ಷಮಿಸಿಬಿಟ್ಟ.

ಮನೆಗೆ ಬಂದಾಗ ಸುಗಲಮ್ಮ ಅವನ ತುಟಿ ನೋಡಿಯೇ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಏನ್ ಎತ್ತಿ ಬಂದ್ರಿ?"

"ದಿಲ್ಲಿ."

"ಅದೆಷ್ಟ ದೂರ ಅದ?"

"ರೈಲ್ ಹತ್ತಬೇಕಂತ. ಇಳಿಯೋ ಮುಂದ ಮಂದಿ ಹೇಳ್ತಾರ."

"ಹರಗೋಲ ಯಾರು ನಡಸ್ತಾರ? ಬದನಿಕಾಯಿ ಯಾರು ಕೀಳ್ತಾರ?" ಎಂದು ಕೇಳುತ್ತ ಅವಳು ಅತ್ತೇಬಿಟ್ಟಳು. "ಮೂರು ಮಂದಿ ಓದಿದವರು ಬ್ಯಾಡ ಅಂದಿದ್ದು ನಿಮಗ ಯಾಕ ಬೇಕಾಗಿತ್ತು?"

"ಅವರು ಬ್ಯಾಡ ಅಂದದ್ದಕ್ಕ ಎತ್ತೀನಿ. ಅವರು ಹ್ಞೂಂ ಅಂದಿದ್ರ ನಾ ಯಾಕ ಏಳ್ತಿದ್ದೆ?" ಎಂದ ಭಾಗಣ್ಣ. ಎತ್ತಿದ್ದು ಎತ್ತಿಯಾಗಿತ್ತು.

ಮರುದಿನವೇ ಭಾಗಣ್ಣ ಊರೂರು ತಿರುಗತೊಡಗಿದ. ಅವನು ಓಟು ಕೇಳಲಿಲ್ಲ, ಕೇಳುವುದು ಅವನಿಗೆ ಹೊಳೆಯಲೂ ಇಲ್ಲ. ಸುದ್ದಿ ತಿಳಿಸಿ ಬರುತ್ತಿದ್ದ ಅಷ್ಟೇ. ಮುದನಾಳದಲ್ಲಿ ಕಟ್ಟೆಯ ಮೇಲೆ ಕೂತು, "ವೀಳ್ಯ ಎತ್ತೀನ್ರೆಪ, ಗೊತ್ತಿರ್ಲಿ" ಎಂದ. ಕುರಿಗಾರರ ಹಿರಿಯ ಬಾಲಪ್ಪ ಶಹಾಪುರದ ಸಭೆಯಲ್ಲಿ ಅದನ್ನು ಕಣ್ಣಾರೆ ನೋಡಿದವನು. ಅವನು ದೋರನಹಳ್ಳಿಯಿಂದ ಹೊರಟ ಪ್ರತಿ ಕುರಿಹಿಂಡಿನವರ ಕೈಯಲ್ಲೂ ಸುದ್ದಿ ಕಳಿಸಿದ. ದಿಲ್ಲಿಯಲ್ಲಿ ಚಳಿ ಹೆಚ್ಚಂತೆ ಎಂದು ಒಂದು ಹೊಸ ಕಂಬಳಿಯನ್ನೂ ತಂದುಕೊಟ್ಟ.

ಕೊಂಕಲಿನಲ್ಲಿ ತಿಮ್ಮವ್ವ ಎಂಬ ಮುದುಕಿ ತಡೆದು ನಿಲ್ಲಿಸಿದಳು. "ನಿಜಾಮ ಹೋದ ಅಂತಾರ. ಈಗ ರಾಜಾ ಯಾರಪ್ಪಾ?"

"ಯಾರೂ ಇಲ್ಲಬೇ. ನಾವ ರಾಜರು."

"ನಾವಂದ್ರ ಯಾರು? ನೀನೇನು?"

"ನೀನೂ, ನಾನೂ, ಎಲ್ಲಾರೂ."

ತಿಮ್ಮವ್ವ ತನ್ನ ಸೀರೆಯನ್ನೂ ಅವನ ಪೇಟವನ್ನೂ ಒಂದು ಸಲ ನೋಡಿದಳು. "ಹಾಂಗಾದ್ರ ರಾಜ್ಯ ಉಳಿಯೋದು ಕಷ್ಟ ಅದ. ಲಗೂನ ಹೋಗು, ಯಾರನ್ನರೆ ನೋಡಿಕೊಂಡು ಬಾ" ಎಂದಳು.

ದಿಲ್ಲಿಗೆ ಹೋಗಿ ಏನು ಮಾಡುತ್ತಿ ಎಂದು ಕೇಳಿದವರಿಗೆ ಅವನ ಬಳಿ ಸಿದ್ಧ ಉತ್ತರವಿತ್ತು. "ಕುಂದ್ರತೀನಿ. ಜಗಳ ಆಡೋ ಮಂದಿ ನಡುವ ಕುಂದ್ರೋದು ನನಗೇನ್ ಹೊಸಾದಲ್ಲ." ಜನಕ್ಕೆ ಇದು ಸರಿಯೆನಿಸಿತು. ಹೀಗೆ ಹೇಳುತ್ತ ಹೇಳುತ್ತ, ಮಾನಕ್ಕೆಂದು ಎತ್ತಿದ ಭಾರ ಭಾಗಣ್ಣನಿಗೆ ಹಿಡಿಸತೊಡಗಿತು. ಹೊಳೆಯ ನಡುವೆ ಒಬ್ಬನೇ ಇದ್ದಾಗ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಗಂಟಲು ಸರಿಮಾಡಿ, "ಕೂತಿರುವಂಥಾ ದೈವದವರೇ" ಎಂದು ಭಾಷಣ ಶುರು ಮಾಡುತ್ತಿದ್ದ. ತನ್ನ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ಅವನು ತಿಳಿದಿದ್ದ, ಆದರೆ ಆ ದನಿಗೆ ಎರಡೂ ದಂಡೆಯ ಜನ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಒಂದು ದಿನ ಬಾಲಪ್ಪ ಯಾದಗಿರಿಯ ಸಂತೆಯಿಂದ ನೇರವಾಗಿ ಓಣಿಗೆ ಬಂದ. ಕ್ಷೌರದ ಅಂಗಡಿಯಲ್ಲಿ ಪೇಪರು ಓದುತ್ತಿದ್ದರಂತೆ. ದಿಲ್ಲಿಯ ಜಾಗಕ್ಕೆ ಪಕ್ಷದ ಟಿಕೇಟು ವಕೀಲ ಬಸವಂತರಾಯರಿಗೆ ಆಗಿದೆಯಂತೆ.

"ಪೇಪರನವರು ತಪ್ಪು ಬರದಾರ" ಎಂದ ಭಾಗಣ್ಣ. "ವಕೀಲರು ದೈವದ ಮುಂದ ಆಸೆ ಇಲ್ಲ ಅಂದಾರ. ನೀನೂ ಅಲ್ಲೇ ಇದ್ದಿ."

"ಅಂದಾರಪ್ಪ. ಮತ್ತ ಆಗ್ಯಾದ."

ಭಾಗಣ್ಣ ಊಟ ಬಿಟ್ಟು ಶಹಾಪುರಕ್ಕೆ ನಡೆದ. ವಕೀಲರ ಮನೆಗೆ ಹೋಗಲಿಲ್ಲ. ತಾಟು ಯಾರ ಮನೆಯದೋ ಅವರೇ ಸಾಕ್ಷಿ ಎಂಬುದು ರೀತಿ, ಆದ್ದರಿಂದ ಬೇಗಂಳ ಹವೇಲಿಗೆ ಹೋದ. ಪರದೆಯ ಈಚೆ ಕೂತು, ವೀಳ್ಯ ಎತ್ತಿದ್ದನ್ನೂ ಈಗ ಬಂದ ಸುದ್ದಿಯನ್ನೂ ಹೇಳಿ, ನೀವು ಸಾಕ್ಷಿ ಹೇಳಬೇಕು ಎಂದ. ಪರದೆಯ ಆಚೆ ಮೊದಲು ನಗೆ, ಆಮೇಲೆ ಕೆಮ್ಮು. ಆಮೀನಾ ನೀರು ತಗೊಂಡು ಓಡಿದಳು.

"ಭಾಗಣ್ಣ ಭಾಯಿ," ಎಂದಳು ಬೇಗಂ, ಉಸಿರು ಹತ್ತಿದ ಮೇಲೆ. "ಅದು ಮೆಹಮಾನರಿಗೆ ಕೊಡೋ ಪಾನ್. ಕೌದಿ ಮಾರೋಕಿ ಬಂದ್ರೂ ಕೊಡ್ತೀನಿ. ನಮ್ಮನಿ ಪಾನ್ ತಿಂದೋರೆಲ್ಲ ದಿಲ್ಲಿಗೆ ಹೋಗಿದ್ರ ಶಹಾಪುರದಾಗ ನಾಯಿ ಸಹಿತ ಉಳೀತಿರಲಿಲ್ಲ."

ಅಷ್ಟು ದೊಡ್ಡ ದನಿಯ ಮನುಷ್ಯ ಹಾಗೆ ಸುಮ್ಮನಾದದ್ದು ಕೇಳಿ ಬೇಗಂಳಿಗೆ ನಕ್ಕದ್ದು ತಪ್ಪಾಯಿತು ಎನಿಸಿತು. ಅವನಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕಾಗಿತ್ತು. ಊರೂರು ಹೇಳಿ ಬಂದಿದ್ದಾನೆ. ಈಗ ಅದು ವೀಳ್ಯವೇ ಅಲ್ಲ ಎಂದರೆ ನಗೆಪಾಟಲು, ವೀಳ್ಯ ಹೌದು ಆದರೆ ನಾನು ಹೋಗುವುದಿಲ್ಲ ಎಂದರೆ ಮನೆಯ ಎಲೆ ಅಡಿಕೆ ಯಾರೂ ಮುಟ್ಟುವುದಿಲ್ಲ.

"ನಾ ಕೊಟ್ಟದ್ದು ಪಾನ್," ಎಂದಳು ಬೇಗಂ ಮೆಲ್ಲಗೆ. "ಆದ್ರ ನೀ ಎತ್ತಿದ್ದು ವೀಳ್ಯ. ಅದು ನಿನ್ನ ಇಮಾನಿನ ಮಾತು, ನಾ ಇಲ್ಲ ಅನ್ನಂಗಿಲ್ಲ. ನಿಮ್ಮಲ್ಲಿ ಇದನ್ನ ಇಳಸಾಕ ದಾರಿ ಇಲ್ಲೇನು?"

ಒಂದು ದಾರಿ ಇತ್ತು. ಎತ್ತಿದವನು ಹಾಸಿಗೆ ಹಿಡಿದರೆ, ಇಲ್ಲವೆ ಬೇರೊಬ್ಬ ಹೊರಲು ಮುಂದೆ ಬಂದರೆ, ತನ್ನ ಕೈಯಿಂದಲೇ ಎಲೆಗೆ ಸುಣ್ಣ ಹಚ್ಚಿ ಮಡಚಿ ಇನ್ನೊಬ್ಬನಿಗೆ ಕೊಡಬಹುದು. ಅವನು ಅದನ್ನು ದೈವದ ಮುಂದೆ ಅಗಿದು ಬಾಯಿ ಕೆಂಪು ಮಾಡಿಕೊಂಡರೆ ಭಾರ ಅವನದಾಗುತ್ತದೆ. ಭಾಗಣ್ಣ ಇದನ್ನು ಹೇಳಿದಾಗ ಬೇಗಂ ಸ್ವಲ್ಪ ಹೊತ್ತು ಅಡಕತ್ತರಿ ಆಡಿಸುವುದನ್ನು ನಿಲ್ಲಿಸಿದಳು. ಬಸವಂತರಾಯರ ಮನೆತನ ದೊಡ್ಡದು. ಅಂಬಿಗರ ಕೈಯ ಒಣ ಎಲೆ, ಒಣ ಅಡಿಕೆ ಅವರಿಗೆ ನಡೆಯುತ್ತಿತ್ತು. ಸುಣ್ಣದಲ್ಲಿ ನೀರಿರುತ್ತದೆ. ಸುಣ್ಣ ಹಚ್ಚಿದ ಎಲೆ ನಡೆಯುತ್ತಿರಲಿಲ್ಲ.

"ಅವರು ತಗೋತಾರಂತಿ?" ಎಂದಳು ಬೇಗಂ.

"ತಗೊಂಡ್ರ ಅವರು ಹೋಗ್ಲಿ. ಇಲ್ಲಂದ್ರ ನಾ ಹೋಗಬೇಕಾಗ್ತದ" ಎಂದ ಭಾಗಣ್ಣ.

ಬಸವಂತರಾಯರು ಮೊದಲು ಈ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಪ್ರಚಾರಕ್ಕೆ ಹೊರಟರು, ನಗೆ ನಿಂತಿತು. ಮುದನಾಳದಲ್ಲಿ ಹಾರ ಹಾಕಿ, ಮಜ್ಜಿಗೆ ಕೊಟ್ಟು, "ವೀಳ್ಯ ಭಾಗಣ್ಣನ ಕಡೆ ಅದಲ್ರೀ ಸಾಹೇಬರ" ಎಂದರು. ಕುರಿಹಟ್ಟಿಗಳಲ್ಲಿ ಅದೇ ಮಾತು. ಕೊಂಕಲಿನ ತಿಮ್ಮವ್ವ ಇವರ ಖಾದಿಯನ್ನು ಮುಟ್ಟಿ ನೋಡಿ, "ಬಟ್ಟಿ ಚಲೋ ಅದ. ವೀಳ್ಯ ಇಸಗೊಂಡು ಬಾ ಮಗಾ" ಎಂದಳು. ಕೋರ್ಟಿನಲ್ಲಿ ಎಂಥ ಸಾಕ್ಷಿಯನ್ನೂ ಮುರಿದ ವಕೀಲರಿಗೆ ಇದನ್ನು ಮುರಿಯಲಾಗಲಿಲ್ಲ. ಸುದ್ದಿ ಹೈದರಾಬಾದಿಗೆ ಹೋಯಿತು. ಚನ್ನಯ್ಯನವರು ತಾವೇ ಬಂದು, ವಕೀಲರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊಳೆಯ ದಂಡೆಗೆ ಕರೆತಂದರು.

ದಂಡೆಯ ಬೇವಿನ ಮರದ ಕೆಳಗೆ ದೈವ ಕೂಡಿತು. ಅಂಬಿಗರು, ಕುರಿಗಾರರು, ಸುತ್ತಲ ಊರಿನವರು. ಹೆಂಗಸರು ಹರಗೋಲುಗಳನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಸುಗಲಮ್ಮ ಎಲ್ಲರಿಗಿಂತ ಮುಂದೆ. ಈ ಪೀಡೆ ಇವತ್ತು ಮನೆಯಿಂದ ತೊಲಗಲಿ ಎಂದು ಬೆಳಗಿನಿಂದ ಕಂಡ ಕಂಡ ದೇವರಿಗೆ ಕೈಮುಗಿದಿದ್ದಳು.

ವಕೀಲರು ಮೊದಲು ಬೇರೆ ದಾರಿ ನೋಡಿದರು. ತಾಲೂಕು ಕಮಿಟಿಯಲ್ಲಿ ಭಾಗಣ್ಣನಿಗೊಂದು ಜಾಗ ಕೊಡಿಸುತ್ತೇನೆಂದರು. ಭಾಗಣ್ಣ, "ಅದರ ವೀಳ್ಯ ನಾ ಎತ್ತಿಲ್ರಿ" ಎಂದ. ಒಣ ಎಲೆ ಕೊಡು, ತಲೆಗೆ ಒತ್ತಿಕೊಂಡು ಮನೆಗೆ ಒಯ್ಯುತ್ತೇನೆಂದರು. ಭಾಗಣ್ಣ ತಲೆಯಾಡಿಸಿದ. ಆಮೇಲೆ ಎಲೆಯನ್ನು ತೊಡೆಯ ಮೇಲೆ ಒರೆಸಿ, ನಾರು ತೆಗೆದು, ಡಬ್ಬಿಯಿಂದ ಸುಣ್ಣವನ್ನು ಹೆಬ್ಬೆರಳಿನಿಂದ ತೆಗೆದು ಹಚ್ಚತೊಡಗಿದ. ಬೆಳಿಗ್ಗೆ ಬಲೆ ಎಳೆದ ಕೈ ಅದು. ವಕೀಲರು ಆ ಹೆಬ್ಬೆರಳನ್ನೇ ನೋಡುತ್ತಿದ್ದರು, ಜನ ವಕೀಲರನ್ನು ನೋಡುತ್ತಿದ್ದರು.

"ತಗೊಳ್ರಿ," ಎಂದು ಚನ್ನಯ್ಯನವರು ಕಿವಿಯಲ್ಲಿ ಹೇಳಿದರು. "ಒಂದು ಎಲಿ. ಹಿಂದಗಡೆ ಎಷ್ಟು ಓಟು ಅದಾವ ನೋಡ್ರಿ."

ವಕೀಲರು ಕಣ್ಣು ಮುಚ್ಚಿ ತಗೊಂಡು ಬಾಯಿಗಿಟ್ಟರು. ಎರಡು ಸಲ ದವಡೆ ಆಡಿಸಿ, ಕೈಮುಗಿದು, ಕಚೇರಿಯ ಕೆಲಸ ಅವಸರದ್ದಿದೆ ಎಂದು ತೊದಲುತ್ತ ಎದ್ದೇಬಿಟ್ಟರು. ಎಲೆ ಬಾಯಿಗೆ ಹೋಯಿತಲ್ಲ ಎಂಬ ಸಂತೋಷದಲ್ಲೇ ಜನ ಗದ್ದಲವೆಬ್ಬಿಸಿದರು. ಬಾಲಪ್ಪ ಡೊಳ್ಳಿಗೆ ಕೈಹಾಕಿದ. ಸುಗಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದವಳ ಕೈ ಹಿಡಿದಳು.

ಬಂದವರನ್ನು ಬಂಡಿ ಹತ್ತುವ ತನಕ ಕಳಿಸಿ ಬರುವುದು ಕಟ್ಟಿಮನಿಯ ಕೆಲಸ. ಭಾಗಣ್ಣ ವಕೀಲರ ಹಿಂದೆಯೇ ಹೋದ. ಅವರು ಕಾರಿನ ಮರೆಗೆ ಹೋಗಿ, ಬಗ್ಗಿ, ಬಾಯಲ್ಲಿದ್ದುದನ್ನೆಲ್ಲ ಉಗಿದರು. ಡ್ರೈವರನಿಂದ ತಂಬಿಗೆ ಇಸಗೊಂಡು ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು, ಬೆರಳು ಹಾಕಿ ನಾಲಿಗೆ ತಿಕ್ಕಿದರು. ಎಲೆ ಮಣ್ಣಿನಲ್ಲಿ ಬಿದ್ದಿತ್ತು. ಅದು ಇನ್ನೂ ಹಸಿರಾಗಿಯೇ ಇತ್ತು. ಅವರು ಹಿಂದೆ ತಿರುಗಿ ನೋಡದೆ ಕಾರು ಹತ್ತಿ ಚನ್ನಯ್ಯನವರ ದಾರಿ ನೋಡುತ್ತ ಕೂತರು.

ಭಾಗಣ್ಣನಿಗೆ ಮೈಯೆಲ್ಲ ಉರಿಯಿತು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಓಣಿಯ ಹುಡುಗರು ಕಾರನ್ನು ಹೊಳೆಗೆ ತಳ್ಳುತ್ತಿದ್ದರು. ಅವನು ಕೂಗಲಿಲ್ಲ. ಇದೇ ಕೈಯಿಂದ ಅವನು ಹಿಂದೆ ಎಷ್ಟೋ ಹೆಂಗಸರನ್ನು ರಟ್ಟೆ ಹಿಡಿದು ಹರಗೋಲಿಗೆ ಎಳೆದುಕೊಂಡಿದ್ದ, ಆಗ ಒಬ್ಬರೂ ಕೈ ತೊಳೆದುಕೊಂಡಿರಲಿಲ್ಲ. ಅವಮಾನದಿಂದ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳುವಾಗ ಇನ್ನೊಂದು ತಿಳಿಯಿತು, ತಿಳಿದು ಅವನಿಗೇ ಆಶ್ಚರ್ಯವಾಯಿತು. ಆ ಸಿಟ್ಟಿನ ಅಡಿಯಲ್ಲಿ ಅವನಿಗೆ ಬಹಳ ಖುಷಿಯಾಗಿತ್ತು.

ಅವನು ಮರದ ಕೆಳಗೆ ಬಂದು, ಇನ್ನೂ ಜನರ ನಡುವೆ ನಿಂತಿದ್ದ ಚನ್ನಯ್ಯನವರನ್ನು ಪಕ್ಕಕ್ಕೆ ಕರೆದ.

"ಪಕ್ಷ ಇಲ್ದವರು ನಿಲ್ಲಾಕ ಬರ್ತದೇನ್ರಿ?"

"ಬರ್ತದ. ಗುಲಬರ್ಗಾ ಕಚೇರಿಗೆ ಹೋಗಿ ಹೆಸರು ಕೊಡಬೇಕು" ಎಂದರು ಚನ್ನಯ್ಯನವರು. "ಯಾಕ? ಈಗ ಇಳಿಸಿ ಆತಲ್ಲ?"

"ಅವರ ಬಾಯಿ ಕೆಂಪಾಗಲಿಲ್ರಿ" ಎಂದ ಭಾಗಣ್ಣ. ಅವನು ಮೆಲ್ಲಗೆ ಮಾತಾಡಿದ್ದನ್ನು ಆ ಓಣಿ ಅದೇ ಮೊದಲು ಕಂಡಿತು.

ಚನ್ನಯ್ಯನವರಿಗೆ ಅದು ತಿಳಿಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ಸುಗಲಮ್ಮನಿಗೆ ತಿಳಿಯಿತು. ಅವಳು ಗಂಡನ ಒದ್ದೆ ಕಣ್ಣುಗಳನ್ನು ನೋಡಿದಳು, ಕಾರು ನಿಂತಿದ್ದ ಕಡೆ ನೋಡಿದಳು, ಅಲ್ಲಿಯ ತನಕ ನಡೆದುಹೋಗಿ ನೆಲದ ಮೇಲಿನ ಹಸಿರು ಎಲೆ ನೋಡಿ ಬಂದಳು. ಬರುವಾಗ ಅವಳ ಮುಖ ಬಿಗಿದುಕೊಂಡಿತ್ತು.

"ಗುಲಬರ್ಗಾಕ್ಕ ಹೋಗೋ ರೈಲ್ ಯಾವಾಗ ಅದ?" ಎಂದು ಕೇಳಿದಳು. "ರೊಟ್ಟಿ ಬಡೀಬೇಕು."